ಮೊದಲ ಫ್ಯಾಂಟಸಿ ರೋಲ್‌ಪ್ಲೇ ಆಟಕ್ಕೆ ಯಾವ ನಿಯಮಾವಳಿ? ಐದು ಆಯ್ಕೆಗಳ ಹೋಲಿಕೆ

ಫ್ಯಾಂಟಸಿ ರೋಲ್‌ಪ್ಲೇ ಆಟವನ್ನು ಹೊಸದಾಗಿ ಆರಂಭಿಸಲು ಹೊರಟ ಗುಂಪಿನಲ್ಲಿ ಮೊದಲು ಏಳುವ ಪ್ರಶ್ನೆ, ಯಾವ ನಿಯಮಾವಳಿಯನ್ನು ಹಿಡಿಯಬೇಕು ಎಂಬುದು. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅಮೆರಿಕದಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಪ್ರಕಟಿಸಿದಾಗ ಇಂಥ ಪ್ರಶ್ನೆಗೆ ಆಸ್ಪದವಿರಲಿಲ್ಲ. ಇಂದು ಅದೇ ಬೇರಿನಿಂದ ಒಡೆದ ಕವಲುಗಳು ಎಣಿಕೆಗೆ ಸಿಗದಷ್ಟು ಆಗಿವೆ. ಇವುಗಳನ್ನು ಹೋಲಿಸುವವರು ಬಹುಮಟ್ಟಿಗೆ ಪಾತ್ರವರ್ಗಗಳೆಷ್ಟು, ಮಂತ್ರಗಳೆಷ್ಟು, ಪುಟಗಳೆಷ್ಟು ಎಂದು ಲೆಕ್ಕ ಹಾಕುತ್ತಾರೆ. ಹೊಸ ಗುಂಪಿಗೆ ಆ ಲೆಕ್ಕದಿಂದ ದೊಡ್ಡ ಪ್ರಯೋಜನವಿಲ್ಲ. ಆಟ ನಡೆಯಬೇಕಾದರೆ ನಿಯಮಗಳನ್ನು ಯಾರೋ ನೆನಪಿಟ್ಟುಕೊಳ್ಳಬೇಕು, ಸಾಹಸವನ್ನು ಯಾರೋ ಮೊದಲೇ ಸಿದ್ಧಪಡಿಸಬೇಕು, ಪುಸ್ತಕದಲ್ಲಿ ಇಲ್ಲದ ಸಂದರ್ಭ ಬಂದಾಗ ಯಾರೋ ಆ ಕ್ಷಣದಲ್ಲೇ ತೀರ್ಪು ಕೊಡಬೇಕು. ಈ ಮೂರು ಹೊರೆಗಳನ್ನು ಒಂದೊಂದು ನಿಯಮಾವಳಿಯೂ ಒಂದೊಂದು ರೀತಿಯಲ್ಲಿ ಹಂಚುತ್ತದೆ. ನಿಮ್ಮ ಗುಂಪಿನಲ್ಲಿ ಯಾರು ಯಾವ ಹೊರೆಯನ್ನು ಸಂತೋಷದಿಂದ ಹೊರುತ್ತಾರೆ ಎಂಬುದು ತಿಳಿದರೆ ಆಯ್ಕೆ ಅರ್ಧಕ್ಕಿಂತ ಹೆಚ್ಚು ಮುಗಿದಂತೆ.

ಆಟದ ಸ್ವರೂಪವನ್ನು ಅರಿಯದವರಿಗಾಗಿ ಎರಡು ಮಾತು. ಒಬ್ಬರು ಗೇಮ್ ಮಾಸ್ಟರ್ ಆಗಿ ಜಗತ್ತನ್ನು ವರ್ಣಿಸುತ್ತಾರೆ, ಅಲ್ಲಿನ ಜನರನ್ನೂ ರಾಕ್ಷಸರನ್ನೂ ಆಡಿಸುತ್ತಾರೆ. ಉಳಿದ ಮೂರರಿಂದ ಐದು ಮಂದಿ ತಲಾ ಒಂದು ಪಾತ್ರ ವಹಿಸುತ್ತಾರೆ. ತಮ್ಮ ಪಾತ್ರ ಏನು ಮಾಡುತ್ತದೆಂದು ಆಟಗಾರರು ಹೇಳುತ್ತಾರೆ, ಫಲಿತಾಂಶ ಅನಿಶ್ಚಿತವಾಗಿರುವ ಕಡೆ ದಾಳ ಉರುಳುತ್ತದೆ. ಒಂದು ಸೆಷನ್ ಸಾಮಾನ್ಯವಾಗಿ ಮೂರು ನಾಲ್ಕು ಗಂಟೆ ನಡೆಯುತ್ತದೆ.

ಹೋಲಿಕೆಗೆ ಒಂದೇ ಸನ್ನಿವೇಶವನ್ನು ಇಟ್ಟುಕೊಳ್ಳೋಣ. ಪಾಳುಬಿದ್ದ ಕೋಟೆಯೊಂದರ ನೆಲಮಾಳಿಗೆಗೆ ಮೊದಲ ಲೆವೆಲ್‌ನ, ಎಂದರೆ ಅನುಭವದ ಮೊದಲ ಮೆಟ್ಟಿಲಲ್ಲಿರುವ, ನಾಲ್ವರು ಸಾಹಸಿಗಳು ಇಳಿದಿದ್ದಾರೆ. ಕಬ್ಬಿಣದ ಬಾಗಿಲ ಮುಂದೆ ಇಬ್ಬರು ಗಾಬ್ಲಿನ್ (ಕುಳ್ಳ ರಾಕ್ಷಸ) ಕಾವಲುಗಾರರು ಕೂತಿದ್ದಾರೆ. ಕಳ್ಳನ ಪಾತ್ರ ವಹಿಸಿರುವ ಆಟಗಾರ್ತಿಯ ಬಳಿ ದೀಪದ ಎಣ್ಣೆಯ ಒಂದು ಕುಡಿಕೆ ಇದೆ. "ಎಣ್ಣೆಗೆ ಬೆಂಕಿ ಹಚ್ಚಿ ಅವರ ಮೇಲೆ ಪ್ರಯೋಗಿಸುತ್ತೇನೆ" ಎನ್ನುತ್ತಾಳೆ. ಈ ಒಂದು ವಾಕ್ಯವನ್ನು ಪ್ರತಿಯೊಂದು ನಿಯಮಾವಳಿಯೂ ಹೇಗೆ ಎದುರುಗೊಳ್ಳುತ್ತದೆ ಎಂಬುದು ಅದರ ಸ್ವಭಾವವನ್ನು ಸಾಕಷ್ಟು ತೋರಿಸಿಕೊಡುತ್ತದೆ.

ಡಂಜನ್ಸ್ ಅಂಡ್ ಡ್ರ್ಯಾಗನ್ಸ್, ಐದನೆಯ ಆವೃತ್ತಿ

ಡಿ ಅಂಡ್ ಡಿಯ ಐದನೆಯ ಆವೃತ್ತಿ 2014ರಲ್ಲಿ ಬಂದಿತು. ಅದರ ಪರಿಷ್ಕೃತ ರೂಪ 2024ರಿಂದ ಪ್ರಕಟವಾಗುತ್ತಿದೆ. ಇದರ ಮೂಲ ಯಂತ್ರ ಬಹಳ ಸರಳ. 20 ಮುಖಗಳ ದಾಳವನ್ನು ಉರುಳಿಸಿ, ಸಾಮರ್ಥ್ಯದ ಅಂಕ ಮತ್ತು ಪರಿಣತಿಯ ಅಂಕಗಳನ್ನು ಕೂಡಿಸಿ, ಗುರಿಸಂಖ್ಯೆಯನ್ನು ಮುಟ್ಟಿದರೆ ಗೆಲುವು. ಪರಿಸ್ಥಿತಿ ಅನುಕೂಲಕರವಾಗಿದ್ದರೆ ಎರಡು ದಾಳ ಉರುಳಿಸಿ ದೊಡ್ಡದನ್ನು ತೆಗೆದುಕೊಳ್ಳುವುದು, ಪ್ರತಿಕೂಲವಾಗಿದ್ದರೆ ಚಿಕ್ಕದನ್ನು ತೆಗೆದುಕೊಳ್ಳುವುದು. ಅಡ್ವಾಂಟೇಜ್ ಎಂಬ ಈ ಒಂದು ಉಪಾಯ ಹಳೆಯ ಆವೃತ್ತಿಗಳ ಕೂಡು ಕಳೆಗಳ ಉದ್ದನೆಯ ಪಟ್ಟಿಗಳನ್ನೇ ಬದಿಗೆ ಸರಿಸಿತು. ದಾಳದಲ್ಲಿ 11 ಅಥವಾ ಹೆಚ್ಚು ಬೀಳಬೇಕಾದ ಕಡೆ ಗೆಲ್ಲುವ ಸಾಧ್ಯತೆ ಶೇ 50 ಇದ್ದದ್ದು ಇದರಿಂದ ಶೇ 75ಕ್ಕೆ ಏರುತ್ತದೆ. ಮೊದಲ ದಿನವೇ ಹೊಸಬರಿಗೂ ಇದು ಅರ್ಥವಾಗುತ್ತದೆ.

ನಮ್ಮ ಎಣ್ಣೆಯ ಕುಡಿಕೆಯನ್ನು ಇಲ್ಲಿ ನೋಡೋಣ. 2014ರ ನಿಯಮದ ಪ್ರಕಾರ, ನೆಲಕ್ಕೆ ಸುರಿದು ಹಚ್ಚಿದ ಎಣ್ಣೆ ಐದು ಅಡಿ ಚೌಕದಲ್ಲಿ ಎರಡು ಸುತ್ತು ಉರಿಯುತ್ತದೆ ಮತ್ತು ಆ ಚೌಕಕ್ಕೆ ಕಾಲಿಟ್ಟವರಿಗೆ ಅಥವಾ ತಮ್ಮ ಸರದಿಯನ್ನು ಅಲ್ಲಿ ಮುಗಿಸಿದವರಿಗೆ 5 ಪಾಯಿಂಟ್ ಹಾನಿ ಮಾಡುತ್ತದೆ. ಅದೇ ಆವೃತ್ತಿಯ ಗಾಬ್ಲಿನ್‌ಗೆ 7 ಹಿಟ್ ಪಾಯಿಂಟ್, ಎಂದರೆ ಅಷ್ಟು ಹಾನಿಯಾದರೆ ಅದು ಉರುಳುತ್ತದೆ. ಅಂದರೆ ಬೆಂಕಿ ಅದನ್ನು ಬೆದರಿಸುತ್ತದೆ, ಜಾಗ ಬಿಡಿಸುತ್ತದೆ, ಸಾಮಾನ್ಯವಾಗಿ ಕೊಲ್ಲುವುದಿಲ್ಲ. ಆಟಗಾರ್ತಿಯ ಪಾತ್ರಪತ್ರದಲ್ಲಿ ಬರೆದಿರುವ ಸ್ನೀಕ್ ಅಟ್ಯಾಕ್, ಎಂದರೆ ಹೊಂಚಿ ಹೊಡೆಯುವ ಕಳ್ಳನ ವಿಶೇಷ ಶಕ್ತಿ, ಅದಕ್ಕಿಂತ ಹೆಚ್ಚು ಫಲಕಾರಿ. ನಿಮ್ಮ ಪಾತ್ರಪತ್ರದಲ್ಲಿ ಇರುವ ಶಕ್ತಿಗಳನ್ನು ಬಳಸಿ, ಅವುಗಳನ್ನು ನೀವು ಬಳಸಲೆಂದೇ ಕೊಟ್ಟಿದ್ದೇವೆ ಎಂಬುದು ಡಿ ಅಂಡ್ ಡಿಯ ನಿಲುವು. ಪಾತ್ರಗಳು ವೀರರು, ಒಂದು ದೀರ್ಘ ವಿಶ್ರಾಂತಿಯಲ್ಲಿ ಹಿಟ್ ಪಾಯಿಂಟ್‌ಗಳೆಲ್ಲ ಮರಳುತ್ತವೆ, ಶೂನ್ಯಕ್ಕೆ ಇಳಿದವರು ಕೂಡಲೇ ಸಾಯದೆ, ದಾಳದಲ್ಲಿ 10 ಅಥವಾ ಹೆಚ್ಚು ಬಿದ್ದರೆ ಯಶಸ್ಸು, ಕಡಿಮೆ ಬಿದ್ದರೆ ಸೋಲು ಎಂಬ ಲೆಕ್ಕದಲ್ಲಿ ಮೂರು ಸೋಲಿಗೆ ಮೊದಲು ಮೂರು ಯಶಸ್ಸು ಪಡೆದರೆ ಬದುಕುತ್ತಾರೆ.

ಇದರ ದೊಡ್ಡ ಅನುಕೂಲ ನಿಯಮದಲ್ಲಿರುವುದಕ್ಕಿಂತ ಹೆಚ್ಚಾಗಿ ಜನರಲ್ಲಿದೆ. ಆಟಗಾರರು ಸುಲಭವಾಗಿ ಸಿಗುತ್ತಾರೆ, ಅನುಮಾನ ಬಂದಾಗ ಹುಡುಕಿದರೆ ಉತ್ತರ ಸಿಗುತ್ತದೆ, ಸಿದ್ಧ ಸಾಹಸಗಳು ಬೇಕಾದಷ್ಟಿವೆ. ಮೂಲ ನಿಯಮಗಳ ದೊಡ್ಡ ಭಾಗವನ್ನು 2023ರ ಜನವರಿಯಲ್ಲಿ, ಪರವಾನಗಿಯ ಬಗ್ಗೆ ಎದ್ದ ದೊಡ್ಡ ಗಲಾಟೆಯ ನಂತರ, ಪ್ರಕಾಶಕರಾದ ವಿಝರ್ಡ್ಸ್ ಆಫ್ ದಿ ಕೋಸ್ಟ್ ಕ್ರಿಯೇಟಿವ್ ಕಾಮನ್ಸ್ ಅಡಿಯಲ್ಲಿ ಬಿಡುಗಡೆ ಮಾಡಿದ್ದರಿಂದ, ಹಣ ಕೊಡದೆಯೂ ಕಾನೂನುಬದ್ಧವಾಗಿ ಆರಂಭಿಸಬಹುದು.

ತೊಂದರೆ ಇರುವುದು ಗೇಮ್ ಮಾಸ್ಟರ್‌ನ ಕುರ್ಚಿಯಲ್ಲಿ. ಆಟಗಾರರಿಗೆ ಸುಲಭವಾದ ಈ ಆಟವೇ ನಡೆಸುವವರಿಗೂ ಸುಲಭ ಎಂದು ಹಲವರು ಭಾವಿಸಿಬಿಡುತ್ತಾರೆ, ಅದು ಸರಿಯಲ್ಲ. ಒಂದು ಕಾಳಗ ಎಷ್ಟು ಕಠಿಣವಾದೀತು ಎಂದು ಮೊದಲೇ ಅಳೆಯುವ ಲೆಕ್ಕಾಚಾರ ಕೆಳಗಿನ ಲೆವೆಲ್‌ಗಳಲ್ಲಿ ಕ್ರೂರವಾಗಿಯೂ ಮೇಲಿನ ಲೆವೆಲ್‌ಗಳಲ್ಲಿ ಸಪ್ಪೆಯಾಗಿಯೂ ಪರಿಣಮಿಸುವುದುಂಟು. 2014ರ ಆರಂಭಿಕ ಪೆಟ್ಟಿಗೆಯ ಸಾಹಸವು ಮೊದಲ ದೃಶ್ಯದಲ್ಲೇ ನಾಲ್ಕು ಗಾಬ್ಲಿನ್‌ಗಳ ಹೊಂಚುದಾಳಿಯನ್ನು ಇಟ್ಟು ಎಷ್ಟೋ ಹೊಸ ಗುಂಪುಗಳನ್ನು ಅಲ್ಲೇ ನೆಲಕ್ಕುರುಳಿಸಿದೆ. ಹತ್ತನೆಯ ಲೆವೆಲ್ ದಾಟಿದ ಮೇಲೆ ಮಾಂತ್ರಿಕರ ಬಳಿ ಯಾವ ಅಡ್ಡಿಯನ್ನಾದರೂ ಹಾರಿಹೋಗುವ ಮಂತ್ರಗಳಿರುತ್ತವೆ, ಒಬ್ಬೊಬ್ಬರ ಸರದಿಯೂ ಹಲವು ನಿಮಿಷ ಹಿಡಿಯುತ್ತದೆ, ಸಿದ್ಧತೆಯ ಹೊರೆಯೆಲ್ಲ ಒಬ್ಬರ ಹೆಗಲ ಮೇಲೆ ಬೀಳುತ್ತದೆ. ಆದ್ದರಿಂದ ಹೊಸ ಗೇಮ್ ಮಾಸ್ಟರ್ ಡಿ ಅಂಡ್ ಡಿಯನ್ನೇ ಆರಿಸಿಕೊಂಡರೆ ಸಿದ್ಧ ಸಾಹಸದಿಂದಲೇ ಆರಂಭಿಸಿ, ಐದಾರು ಲೆವೆಲ್‌ಗಳ ಒಳಗೆ ಕಥೆ ಮುಗಿಯುವಂತೆ ನೋಡಿಕೊಳ್ಳುವುದು ಕ್ಷೇಮ.

ಪಾತ್‌ಫೈಂಡರ್, ಎರಡನೆಯ ಆವೃತ್ತಿ

ಪೈಝೋ ಸಂಸ್ಥೆ 2019ರಲ್ಲಿ ಪ್ರಕಟಿಸಿದ ಪಾತ್‌ಫೈಂಡರ್ ಎರಡನೆಯ ಆವೃತ್ತಿ, 2023ರ ಕೊನೆಯಿಂದ ಪರಿಷ್ಕೃತ ಪುಸ್ತಕಗಳ ರೂಪದಲ್ಲಿ ಬರುತ್ತಿದೆ. ಇದು ಹೊರೆಯನ್ನು ನಿಯಮಪುಸ್ತಕಕ್ಕೂ ಆಟಗಾರರಿಗೂ ವರ್ಗಾಯಿಸಿ, ಗೇಮ್ ಮಾಸ್ಟರ್‌ನ ಹೊರೆಯನ್ನು ಹಗುರ ಮಾಡುವ ನಿಯಮಾವಳಿ.

ಕಾಳಗದಲ್ಲಿ ಪ್ರತಿಯೊಬ್ಬರಿಗೂ ಸರದಿಗೆ ಮೂರು ಆಕ್ಷನ್‌ಗಳು. ನಡೆಯುವುದು ಒಂದು, ಹೊಡೆಯುವುದು ಒಂದು, ಗುರಾಣಿ ಎತ್ತುವುದು ಒಂದು. ಮೂರು ಬಾರಿ ಹೊಡೆಯಬಹುದು, ಆದರೆ ಎರಡನೆಯ ಹೊಡೆತಕ್ಕೆ 5, ಮೂರನೆಯದಕ್ಕೆ 10 ಕಡಿತ. ಗುರಿಸಂಖ್ಯೆಯನ್ನು 10 ಅಥವಾ ಹೆಚ್ಚು ಅಂತರದಿಂದ ದಾಟಿದರೆ ಭಾರಿ ಗೆಲುವು, ಅಷ್ಟೇ ಅಂತರದಿಂದ ತಪ್ಪಿದರೆ ಭಾರಿ ಸೋಲು. ಇದರಿಂದ ಸಣ್ಣ 1 ಅಂಕದ ಸಹಾಯಕ್ಕೂ ಬೆಲೆ ಬರುತ್ತದೆ, ಏಕೆಂದರೆ ಅದು ಗೆಲ್ಲುವ ಸಾಧ್ಯತೆಯ ಜೊತೆಗೆ ಭಾರಿ ಗೆಲುವಿನ ಸಾಧ್ಯತೆಯನ್ನೂ ಏರಿಸುತ್ತದೆ. ಒಬ್ಬರು ಶತ್ರುವನ್ನು ಬೆದರಿಸಿ, ಇನ್ನೊಬ್ಬರು ಬದಿಯಿಂದ ಸುತ್ತುವರಿದು, ಮೂರನೆಯವರು ಹೊಡೆಯುವ ಸಹಕಾರ ಇಲ್ಲಿ ನಿಜಕ್ಕೂ ಲೆಕ್ಕಕ್ಕೆ ಬರುತ್ತದೆ. ಒಂಟಿ ವೀರನಂತೆ ಆಡುವವರು ಬೇಗ ನೆಲ ಕಚ್ಚುತ್ತಾರೆ.

ಎಣ್ಣೆಯ ಕುಡಿಕೆಗೂ ಇಲ್ಲಿ ಸ್ಪಷ್ಟ ನಿಯಮವಿದೆ. ಅದನ್ನು ಹಚ್ಚಲು ಸಜ್ಜುಗೊಳಿಸಲು ಒಂದು ಆಕ್ಷನ್, ಎಸೆಯಲು ಇನ್ನೊಂದು. ತಗುಲಿದರೂ ಬೆಂಕಿ ಹೊತ್ತಿಕೊಳ್ಳಬೇಕಾದರೆ 20 ಮುಖದ ಬರಿಯ ದಾಳದಲ್ಲಿ 10 ಅಥವಾ ಹೆಚ್ಚು ಬೀಳಬೇಕು, ಎಂದರೆ ಶೇ 55 ಸಾಧ್ಯತೆ. ಹೊತ್ತಿಕೊಂಡರೆ ಆರು ಮುಖದ ಒಂದು ದಾಳದಷ್ಟು ಹಾನಿ. ಗಾಬ್ಲಿನ್ ಯೋಧನಿಗೆ 6 ಹಿಟ್ ಪಾಯಿಂಟ್ ಇರುವುದರಿಂದ, ಇಷ್ಟೆಲ್ಲ ಆದಮೇಲೂ ದಾಳದಲ್ಲಿ ಸರಿಯಾಗಿ 6 ಬಿದ್ದರೆ ಮಾತ್ರ ಅವನು ಉರುಳುತ್ತಾನೆ. ಇದನ್ನು ಓದಿ ಕೆಲವರಿಗೆ ಉತ್ಸಾಹ ಇಳಿಯುತ್ತದೆ, ಇನ್ನು ಕೆಲವರಿಗೆ ಸಮಾಧಾನವಾಗುತ್ತದೆ. ಗೇಮ್ ಮಾಸ್ಟರ್ ಯಾರ ಪಕ್ಷವನ್ನೂ ವಹಿಸಬೇಕಿಲ್ಲ, ಏನನ್ನೂ ಊಹಿಸಬೇಕಿಲ್ಲ. ಪುಸ್ತಕವೇ ತೀರ್ಪು ಕೊಟ್ಟಿದೆ.

ಸಿದ್ಧತೆಯ ವಿಷಯದಲ್ಲಿ ಇದಕ್ಕೆ ಸರಿಸಾಟಿ ಕಡಿಮೆ. ನಾಲ್ವರ ಗುಂಪಿಗೆ ಮಧ್ಯಮ ಕಾಳಗವೆಂದರೆ 80 ಅಂಕ, ತೀವ್ರ ಕಾಳಗವೆಂದರೆ 120. ಗುಂಪಿನ ಲೆವೆಲ್‌ಗೆ ಸಮನಾದ ಶತ್ರುವಿನ ಬೆಲೆ 40, ಎರಡು ಲೆವೆಲ್ ಮೇಲಿನದಕ್ಕೆ 80, ಎರಡು ಲೆವೆಲ್ ಕೆಳಗಿನದಕ್ಕೆ 20. ಈ ಗಣಿತವನ್ನು ನಂಬಬಹುದು. ಹದಿನೈದನೆಯ ಲೆವೆಲ್‌ನಲ್ಲೂ ತೀವ್ರ ಎಂದು ಅಳೆದ ಕಾಳಗ ತೀವ್ರವಾಗಿಯೇ ನಡೆಯುತ್ತದೆ. ನಿಯಮಗಳೆಲ್ಲವೂ ಆರ್ಕೈವ್ಸ್ ಆಫ್ ನೆಥಿಸ್ ಎಂಬ ಜಾಲತಾಣದಲ್ಲಿ ಪ್ರಕಾಶಕರ ಒಪ್ಪಿಗೆಯೊಂದಿಗೆ ಉಚಿತವಾಗಿ ಲಭ್ಯ. ಹೊರದೇಶದಿಂದ ಬರುವ ದಪ್ಪ ಪುಸ್ತಕಗಳಿಗೆ ಸಾವಿರಾರು ರೂಪಾಯಿ ತೆರಬೇಕಾದ ನಮ್ಮಲ್ಲಿನ ಗುಂಪುಗಳಿಗೆ ಇದು ಸಣ್ಣ ಮಾತಲ್ಲ.

ಬೆಲೆ ತೆರಬೇಕಾದದ್ದು ಬೇರೆ ಕಡೆ. ಪ್ರತಿ ಲೆವೆಲ್‌ನಲ್ಲೂ ಆಟಗಾರರು ಹೊಸ ಫೀಟ್ (ವಿಶೇಷ ಸಾಮರ್ಥ್ಯ) ಒಂದನ್ನೋ ಎರಡನ್ನೋ ಆರಿಸಬೇಕು, ಹೆದರಿದ, ಕುರುಡಾದ ಎಂಬಂಥ ಸ್ಥಿತಿಸೂಚಕಗಳ ದೀರ್ಘ ಪಟ್ಟಿಯನ್ನು ಪರಿಚಯ ಮಾಡಿಕೊಳ್ಳಬೇಕು, ತಮ್ಮ ಸರದಿಗೆ ಮೊದಲೇ ಯೋಚಿಸಿರಬೇಕು. ಮನೆಯಲ್ಲಿ ಪಾತ್ರಪತ್ರವನ್ನು ತೆರೆದು ನೋಡದ ಇಬ್ಬರು ಆಟಗಾರರಿದ್ದರೆ ಇಡೀ ಮೇಜು ನಿಧಾನವಾಗುತ್ತದೆ. ನಿಯಮ ಓದುವುದೇ ಒಂದು ಸುಖ ಎನ್ನುವ ಕನಿಷ್ಠ ಇಬ್ಬರಿಲ್ಲದ ಗುಂಪಿಗೆ ನಾನು ಪಾತ್‌ಫೈಂಡರನ್ನು ಶಿಫಾರಸು ಮಾಡುವುದಿಲ್ಲ.

ಓಲ್ಡ್-ಸ್ಕೂಲ್ ಎಸೆನ್ಶಿಯಲ್ಸ್, ಮತ್ತು ಅದರ ಪಕ್ಕದಲ್ಲಿ ಶ್ಯಾಡೋಡಾರ್ಕ್

1981ರಲ್ಲಿ ಟಾಮ್ ಮೋಲ್ಡ್‌ವೇ ಸಂಪಾದಿಸಿದ ಡಿ ಅಂಡ್ ಡಿಯ ಬೇಸಿಕ್ ಮತ್ತು ಅದರ ಮುಂದುವರಿಕೆಯಾದ ಎಕ್ಸ್‌ಪರ್ಟ್ ನಿಯಮಗಳನ್ನು, ಗೇವಿನ್ ನಾರ್ಮನ್ 2019ರಲ್ಲಿ ಅಚ್ಚುಕಟ್ಟಾಗಿ ಮರುಜೋಡಿಸಿ ಪ್ರಕಟಿಸಿದ್ದೇ ಓಲ್ಡ್-ಸ್ಕೂಲ್ ಎಸೆನ್ಶಿಯಲ್ಸ್. ಬೇಕಾದ ನಿಯಮ ಬೇಕಾದ ಪುಟದಲ್ಲಿ ಕಣ್ಣಿಗೆ ಬೀಳುವಂತೆ ಜೋಡಿಸುವುದರಲ್ಲಿ ಈ ಪುಸ್ತಕವನ್ನು ಮೀರಿಸಿದ್ದನ್ನು ನಾನು ಕಂಡಿಲ್ಲ.

ಇಲ್ಲಿ ಪಾತ್ರಸೃಷ್ಟಿ ಹತ್ತು ಹದಿನೈದು ನಿಮಿಷದ ಕೆಲಸ. ಆರು ಮುಖದ ಮೂರು ದಾಳಗಳನ್ನು ಉರುಳಿಸಿ ಶಕ್ತಿ, ಬುದ್ಧಿ ಮುಂತಾದ ಆರು ಗುಣಗಳನ್ನು ಅನುಕ್ರಮವಾಗಿ ಬರೆದುಕೊಳ್ಳಬೇಕು, ವರ್ಗ ಆರಿಸಬೇಕು, ಸಾಮಾನು ಕೊಳ್ಳಬೇಕು. ಮಾಂತ್ರಿಕನ ಹಿಟ್ ಪಾಯಿಂಟ್ ನಾಲ್ಕು ಮುಖದ ಒಂದೇ ದಾಳ. ಶೂನ್ಯಕ್ಕೆ ಇಳಿದರೆ ಸಾವು, ಎರಡನೆಯ ಮಾತಿಲ್ಲ. ಇದನ್ನು ಕೇಳಿ ಬೆದರುವವರಿಗೆ ಅನುಭವದ ಅಂಕಗಳ ಲೆಕ್ಕವನ್ನು ತೋರಿಸಬೇಕು. ಒಬ್ಬ ಗಾಬ್ಲಿನ್‌ನನ್ನು ಕೊಂದರೆ ಗುಂಪಿಗೆಲ್ಲ ಸೇರಿ 5 ಅಂಕ. ಸುರಕ್ಷಿತವಾಗಿ ಹೊರಗೆ ತಂದ ಒಂದೊಂದು ಚಿನ್ನದ ನಾಣ್ಯಕ್ಕೂ 1 ಅಂಕ. ಯೋಧನು ಎರಡನೆಯ ಲೆವೆಲ್ ಮುಟ್ಟಲು 2,000 ಅಂಕ ಬೇಕು. ಬರಿಯ ಕೊಲೆಯಿಂದಲೇ ಮೇಲೇರಬೇಕೆಂದರೆ ಅವನು ಒಬ್ಬನೇ 400 ಗಾಬ್ಲಿನ್‌ಗಳನ್ನು ಮುಗಿಸಬೇಕು. ಹಾಗಾಗಿ ಬುದ್ಧಿವಂತ ಗುಂಪು ಕಾಳಗವನ್ನು ತಪ್ಪಿಸಿಕೊಂಡು ನಿಧಿಯನ್ನು ಹುಡುಕುತ್ತದೆ, ಲಂಚ ಕೊಡುತ್ತದೆ, ಸುಳ್ಳು ಹೇಳುತ್ತದೆ, ಅಗತ್ಯ ಬಿದ್ದರೆ ಓಡುತ್ತದೆ. ಆಟದ ರುಚಿಯನ್ನು ನಿರ್ಧರಿಸಿದ್ದು ಈ ಒಂದು ಲೆಕ್ಕ.

ಈಗ ಎಣ್ಣೆಯ ಕುಡಿಕೆ ನಿಜವಾದ ಆಯುಧವಾಗುತ್ತದೆ. ಗುರಿ ತಗುಲಿದರೆ ಎಂಟು ಮುಖದ ದಾಳದಷ್ಟು ಹಾನಿ. ಗಾಬ್ಲಿನ್‌ಗೆ ಸರಾಸರಿ 3 ಹಿಟ್ ಪಾಯಿಂಟ್. ಒಬ್ಬ ಸತ್ತ ಕೂಡಲೇ ಉಳಿದವನ ಧೈರ್ಯವನ್ನು ಗೇಮ್ ಮಾಸ್ಟರ್ ಆರು ಮುಖದ ಎರಡು ದಾಳಗಳಲ್ಲಿ ಪರೀಕ್ಷಿಸಬಹುದು. ಅವನ ಧೈರ್ಯದ ಅಂಕ 7, ಎಂದರೆ 8 ಅಥವಾ ಹೆಚ್ಚು ಬಿದ್ದರೆ ಓಟ ಕೀಳುತ್ತಾನೆ, ಇದರ ಸಾಧ್ಯತೆ ಶೇ 42ರಷ್ಟು. ಅದಕ್ಕೂ ಮೊದಲು, ಭೇಟಿಯ ಕ್ಷಣದಲ್ಲೇ, ಆ ಕಾವಲುಗಾರರ ಮನೋಭಾವ ಹೇಗಿದೆ ಎಂಬುದಕ್ಕೂ ದಾಳವಿದೆ. ಅವರು ಸ್ನೇಹದಿಂದ ಮಾತಿಗೆ ಬರುವ ಸಾಧ್ಯತೆಯೂ ಉಂಟು. ಆದರೆ ಎಣ್ಣೆ ಹರಿದು ಬಾಗಿಲ ಸಂದಿಯಿಂದ ಒಳಗೆ ಹೋಯಿತೇ, ಹೊಗೆಯಿಂದ ಒಳಗಿನವರು ಎಚ್ಚೆತ್ತರೇ ಎಂಬುದನ್ನು ಯಾವ ನಿಯಮವೂ ಹೇಳುವುದಿಲ್ಲ. ಅದನ್ನು ಗೇಮ್ ಮಾಸ್ಟರ್ ತಾನೇ ಯೋಚಿಸಿ ಹೇಳಬೇಕು, ನ್ಯಾಯವಾಗಿಯೂ ಹೇಳಬೇಕು. ಆಟಗಾರರ ಹೊರೆ ಇಲ್ಲಿ ಬಹಳ ಹಗುರ, ತೀರ್ಪಿನ ಹೊರೆ ಮಾತ್ರ ಪೂರ್ತಿ ನಡೆಸುವವರದ್ದು.

ಸಿದ್ಧತೆಗೆ ಬೇಕಾದದ್ದು ಕೋಣೆಗಳ ಒಂದು ನಕ್ಷೆ ಮತ್ತು ಯಾವ ಕೋಣೆಯಲ್ಲಿ ಏನಿದೆ ಎಂಬ ಟಿಪ್ಪಣಿ. ಕಾಲವನ್ನು ಹತ್ತು ನಿಮಿಷದ ಸರದಿಗಳಲ್ಲಿ ಎಣಿಸುತ್ತಾರೆ. ಪಂಜು ಆರು ಸರದಿ ಉರಿಯುತ್ತದೆ. ಎರಡು ಸರದಿಗೊಮ್ಮೆ ಅಲೆಮಾರಿ ರಾಕ್ಷಸರಿಗಾಗಿ ದಾಳ ಉರುಳುತ್ತದೆ. ಈ ಲೆಕ್ಕವನ್ನು ಕೈಬಿಟ್ಟರೆ ಆಟದ ಬಿಗಿಯೇ ಹೋಗುತ್ತದೆ, ಹಿಡಿದರೆ ಅದು ಬೇಸರದ ಗುಮಾಸ್ತಿಕೆಯೂ ಆಗಬಹುದು.

ಆ ಬೇಸರಕ್ಕೆ ಕೆಲ್ಸಿ ಡಿಯೋನ್ ಅವರ ಶ್ಯಾಡೋಡಾರ್ಕ್ ಒಳ್ಳೆಯ ಮದ್ದು ಕಂಡುಕೊಂಡಿದೆ. ಅದರಲ್ಲಿ ಪಂಜು ಉರಿಯುವುದು ಗಡಿಯಾರದ ನಿಜವಾದ ಒಂದು ಗಂಟೆ. ಫೋನಿನಲ್ಲಿ ಟೈಮರ್ ಇಟ್ಟು ಮೇಜಿನ ಮೇಲೆ ಇಟ್ಟರಾಯಿತು. ಆಟಗಾರರು ಚರ್ಚೆಯನ್ನು ತಾವೇ ಮೊಟಕುಗೊಳಿಸುತ್ತಾರೆ. ನಿಯಮಗಳು ಐದನೆಯ ಆವೃತ್ತಿಯ ಅಡ್ವಾಂಟೇಜ್ ಮುಂತಾದವನ್ನು ಉಳಿಸಿಕೊಂಡು ಹಳೆಯ ಶೈಲಿಯ ಅಪಾಯವನ್ನು ಬೆರೆಸಿಕೊಂಡಿವೆ. ಮಂತ್ರ ಹಾಕಲೂ ದಾಳ ಉರುಳಿಸಬೇಕು. ಸೋತರೆ ಆ ಮಂತ್ರ ವಿಶ್ರಾಂತಿಯವರೆಗೆ ಕೈಬಿಟ್ಟಂತೆ. ಆರಂಭಿಕ ನಿಯಮಗಳು ಉಚಿತ. ಡಿ ಅಂಡ್ ಡಿ ಆಡಿ ಬಂದವರಿಗೆ ಹಳೆಯ ಶೈಲಿಯ ಪರಿಚಯ ಮಾಡಿಸಲು ನಾನು ಮೊದಲು ಇದನ್ನೇ ಕೊಡುತ್ತೇನೆ.

ಡಂಜನ್ ವರ್ಲ್ಡ್

ಸೇಜ್ ಲಟೋರಾ ಮತ್ತು ಆಡಮ್ ಕೋಬೆಲ್ ರಚಿಸಿ 2012ರಲ್ಲಿ ಪ್ರಕಟಿಸಿದ ಡಂಜನ್ ವರ್ಲ್ಡ್, ಸರದಿ ಹಿಡಿದು ನಡೆಯುವ ಕಾಳಗವನ್ನೇ ತೆಗೆದುಹಾಕಿದೆ. ಆಟಗಾರರು ಆರು ಮುಖದ ಎರಡು ದಾಳ ಉರುಳಿಸಿ ಗುಣಾಂಕ (ಪಾತ್ರದ ಗುಣಕ್ಕೆ ಸಿಗುವ ಅಂಕ) ಕೂಡಿಸುತ್ತಾರೆ. ಮೊತ್ತ 10 ಅಥವಾ ಹೆಚ್ಚಾದರೆ ಅಂದುಕೊಂಡದ್ದು ನೆರವೇರುತ್ತದೆ, 7ರಿಂದ 9 ಬಿದ್ದರೆ ನೆರವೇರಿದರೂ ಏನಾದರೂ ತೆತ್ತು ನೆರವೇರುತ್ತದೆ, 6 ಅಥವಾ ಕಡಿಮೆಯಾದರೆ ಗೇಮ್ ಮಾಸ್ಟರ್ ಕಥೆಗೆ ತಿರುವು ಕೊಡುತ್ತಾರೆ. ಗುಣಾಂಕ 1 ಇರುವವರಿಗೆ ಈ ಮೂರು ಫಲಗಳ ಸಾಧ್ಯತೆ ಸುಮಾರು ಶೇ 28, ಶೇ 44, ಶೇ 28. ಎಂದರೆ ನಡುವಿನ ಫಲವೇ ಹೆಚ್ಚು ಬಾರಿ ಬರುತ್ತದೆ, ಮತ್ತು ಆಟದ ಜೀವ ಇರುವುದೂ ಅಲ್ಲೇ.

ಎಣ್ಣೆಯ ಕುಡಿಕೆಗೆ ಇಲ್ಲಿ ಪ್ರತ್ಯೇಕ ಲೆಕ್ಕ ಬೇಕಿಲ್ಲ. ಆಟಗಾರ್ತಿ ನೆರಳಿನಲ್ಲಿ ಸರಿದು ಎಣ್ಣೆ ಸುರಿಯುವುದು ಅಪಾಯವನ್ನು ಎದುರಿಸುವ ಕ್ರಿಯೆ. ದಾಳದಲ್ಲಿ 8 ಬಿತ್ತು ಎಂದುಕೊಳ್ಳೋಣ. ಗೇಮ್ ಮಾಸ್ಟರ್ ಕೇಳಬಹುದು: "ಬೆಂಕಿ ಹತ್ತಿತು, ಇಬ್ಬರೂ ಕಿರುಚುತ್ತಿದ್ದಾರೆ. ಆದರೆ ನಿನ್ನ ತೋಳಿನ ಮೇಲೂ ಎಣ್ಣೆ ಸಿಡಿದಿದೆ. ಕುಡಿಕೆಯನ್ನು ಅಲ್ಲೇ ಬಿಸಾಡಿ ಹಿಂದೆ ಹಾರುತ್ತೀಯೋ, ಅಥವಾ ಉರಿ ತಾಳಿಕೊಂಡು ಕಾವಲುಗಾರನ ಸೊಂಟದ ಬೀಗದಕೈಯನ್ನು ಕಿತ್ತುಕೊಳ್ಳುತ್ತೀಯೋ?" ಈ ಪ್ರಶ್ನೆಯನ್ನು ಪುಸ್ತಕ ಬರೆದಿಟ್ಟಿಲ್ಲ. ಆ ಕ್ಷಣದಲ್ಲಿ ಹುಟ್ಟಬೇಕು, ಒಂದು ಸೆಷನ್‌ನಲ್ಲಿ ಮೂವತ್ತು ನಲವತ್ತು ಬಾರಿ ಹುಟ್ಟುತ್ತಲೇ ಇರಬೇಕು. ತಾಳಮದ್ದಲೆಯ ಅರ್ಥಧಾರಿಗಳಂತೆ ಎದುರಿನವರ ಮಾತನ್ನು ಹಿಡಿದು ಅಲ್ಲೇ ಮಾತು ಕಟ್ಟಬಲ್ಲವರಿಗೆ ಇದು ಹಬ್ಬ. ಮೊದಲೇ ಯೋಚಿಸಿ ಬರೆದುಕೊಂಡು ಬಂದರೆ ಮಾತ್ರ ಧೈರ್ಯ ಎನ್ನುವವರಿಗೆ ಇದು ಬಳಲಿಕೆ.

ಮನೆಯಲ್ಲಿ ಮಾಡಬೇಕಾದ ಸಿದ್ಧತೆ ಕಡಿಮೆ, ಮೇಜಿನಲ್ಲಿ ಬೇಕಾದ ಚುರುಕು ಹೆಚ್ಚು. ಆಟಗಾರರ ಮುಂದೆ ಒಂದೆರಡು ಹಾಳೆ ಇದ್ದರೆ ಸಾಕಾಗುವುದರಿಂದ, ಇಂಗ್ಲಿಷಿನ ದಪ್ಪ ಪುಸ್ತಕ ಓದಲು ಮನಸ್ಸಿಲ್ಲದ ಮನೆಮಂದಿಯನ್ನೂ ಸೇರಿಸಿಕೊಂಡು ಪೂರ್ತಿ ಕನ್ನಡದಲ್ಲೇ ಆಡಿಸಲು ಈ ಐದರಲ್ಲಿ ಇದೇ ಸುಲಭ. ನಿಯಮಪಠ್ಯ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಇರುವುದರಿಂದ ಆ ಹಾಳೆಗಳನ್ನು ಕನ್ನಡಕ್ಕೆ ತಂದು ಹಂಚಿಕೊಳ್ಳಲೂ ಅಡ್ಡಿಯಿಲ್ಲ, ಮೂಲವನ್ನು ಹೆಸರಿಸಿದರಾಯಿತು. ಒಂದು ಮಿತಿ ಹೇಳಲೇಬೇಕು: ಪಾತ್ರಗಳು ಬೆಳೆಯುವ ಜಾಗ ಇದರಲ್ಲಿ ಕಡಿಮೆ. ಹತ್ತು ಹದಿನೈದು ಸೆಷನ್‌ಗಳ ಕಥೆಗೆ ಇದು ಹೇಳಿ ಮಾಡಿಸಿದಂತಿದೆ, ವರ್ಷಗಟ್ಟಲೆ ನಡೆಯುವ ಅಭಿಯಾನಕ್ಕೆ ಅಲ್ಲ.

ಆಯ್ಕೆಯ ಹೊತ್ತಿನಲ್ಲಿ

ಗುಂಪನ್ನು ಸೇರಿಸುವ ಮೊದಲು ಗೇಮ್ ಮಾಸ್ಟರ್ ಆಗಲಿರುವವರು ತಮ್ಮ ವಾರವನ್ನು ಪ್ರಾಮಾಣಿಕವಾಗಿ ಅಳೆದುಕೊಳ್ಳಬೇಕು. ವಾರಕ್ಕೆ ಒಂದು ಗಂಟೆಯಷ್ಟೇ ಸಿಗುವುದಾದರೆ ಶ್ಯಾಡೋಡಾರ್ಕ್ ಅಥವಾ ಡಂಜನ್ ವರ್ಲ್ಡ್. ಇವೆರಡರಲ್ಲಿ, ನಕ್ಷೆಯನ್ನು ಮುಂದಿಟ್ಟುಕೊಂಡರೆ ಧೈರ್ಯ ಬರುವವರು ಮೊದಲನೆಯದನ್ನೂ, ಮಾತಿನಲ್ಲೇ ಧೈರ್ಯ ಇರುವವರು ಎರಡನೆಯದನ್ನೂ ಹಿಡಿಯಲಿ. ಮೂರು ನಾಲ್ಕು ಗಂಟೆ ಸಿಗುತ್ತದೆ, ಆಟಗಾರರೂ ಓದುವವರು ಎಂದಾದರೆ ಪಾತ್‌ಫೈಂಡರ್. ಆಟಗಾರರು ಇನ್ನೂ ಸಿಕ್ಕಿಲ್ಲ, ಹುಡುಕಬೇಕಾಗಿದೆ ಎಂದಾದರೆ ಬೇರೆ ಯೋಚನೆ ಬೇಡ, ಡಿ ಅಂಡ್ ಡಿ ಹೆಸರಿಗೆ ಜನ ಬರುತ್ತಾರೆ.

ಹಾಜರಾತಿಯೂ ಮುಖ್ಯ. ಪ್ರತಿ ವಾರ ಅದೇ ನಾಲ್ವರು ಬರುತ್ತಾರೆಂಬ ಭರವಸೆ ಇಲ್ಲದ ಕಡೆ, ಉದ್ದನೆಯ ಕಥೆಯನ್ನು ನೆಚ್ಚಿದ ಆಟಗಳು ಸೊರಗುತ್ತವೆ. ಓಲ್ಡ್-ಸ್ಕೂಲ್ ಎಸೆನ್ಶಿಯಲ್ಸ್‌ನಲ್ಲಿ ಪ್ರತಿ ಸೆಷನ್ ಕೊನೆಗೆ ಎಲ್ಲರೂ ಊರಿಗೆ ಮರಳಬೇಕೆಂಬ ನಿಯಮ ಹಾಕಿಕೊಂಡರೆ, ಅಂದು ಬಂದವರಷ್ಟೇ ನೆಲಮಾಳಿಗೆಗೆ ಇಳಿಯುತ್ತಾರೆ, ಬಾರದವರ ಪಾತ್ರ ಛತ್ರದಲ್ಲಿ ಉಳಿಯುತ್ತದೆ. ಬೆಂಗಳೂರಿನಲ್ಲಿ ಇಬ್ಬರು, ಕ್ಯಾಲಿಫೋರ್ನಿಯಾದಲ್ಲಿ ಇಬ್ಬರು ಎಂಬಂಥ ಗುಂಪುಗಳಿಗೆ, ಅಲ್ಲಿ ಶನಿವಾರ ರಾತ್ರಿಯಾದಾಗ ಇಲ್ಲಿ ಭಾನುವಾರ ಬೆಳಿಗ್ಗೆಯಾಗಿರುವುದರಿಂದ ಎರಡೂ ಕಡೆ ಹೊಂದುವ ವೇಳೆ ಮೂರು ಗಂಟೆಗಿಂತ ಹೆಚ್ಚು ಸಿಗುವುದು ಕಷ್ಟ. ಪಾತ್‌ಫೈಂಡರ್ ಆನ್‌ಲೈನಿನಲ್ಲಿ ಆಡುವುದಾದರೆ ಲೆಕ್ಕವನ್ನು ತಾನೇ ಮಾಡುವ ಫೌಂಡ್ರಿಯಂಥ ತಂತ್ರಾಂಶ ಇಲ್ಲದೆ ಆ ಮೂರು ಗಂಟೆಯಲ್ಲಿ ಒಂದು ಕಾಳಗವನ್ನಷ್ಟೇ ಮುಗಿಸಿ ಏಳಬೇಕಾದೀತು.

ಕೊಳ್ಳಬೇಕಾದದ್ದು ಸದ್ಯಕ್ಕೆ ದಾಳಗಳು ಮಾತ್ರ. ಏಳು ದಾಳಗಳ ಒಂದು ಸೆಟ್ ಮೊದಲ ನಾಲ್ಕಕ್ಕೂ ಸಾಕು, ಡಂಜನ್ ವರ್ಲ್ಡ್‌ಗೆ ಅದರ ಜೊತೆ ಲೂಡೊ ಪೆಟ್ಟಿಗೆಯ ದಾಳವನ್ನೂ ಸೇರಿಸಿಕೊಂಡರೆ ನಡೆಯುತ್ತದೆ. ಪುಸ್ತಕವನ್ನು ಐದಾರು ಸೆಷನ್ ಆಡಿದ ಮೇಲೆ ಕೊಂಡರಾಯಿತು.

ನಡುವೆ ನಿಯಮಾವಳಿ ಬದಲಾಯಿಸಬೇಕೆನಿಸಿದರೆ ಹಳೆಯ ಪಾತ್ರಗಳನ್ನು ಹೊಸ ಅಂಕಗಳಿಗೆ ಪರಿವರ್ತಿಸುವ ಗೋಜಿಗೆ ಹೋಗಬೇಡಿ. ಡಿ ಅಂಡ್ ಡಿಯಲ್ಲಿ ಪರಿಣತಿಯ ಅಂಕ ಇಪ್ಪತ್ತು ಲೆವೆಲ್‌ಗಳಲ್ಲಿ 2ರಿಂದ 6ಕ್ಕೆ ಏರುತ್ತದೆ; ಪಾತ್‌ಫೈಂಡರ್‌ನಲ್ಲಿ ಲೆವೆಲ್ಲೇ ಆ ಅಂಕಕ್ಕೆ ಸೇರಿಕೊಳ್ಳುತ್ತದೆ. ಒಂದರ ಐದನೆಯ ಲೆವೆಲ್ ಇನ್ನೊಂದರ ಐದನೆಯ ಲೆವೆಲ್ ಅಲ್ಲ. ನಡೆಯುತ್ತಿರುವ ಕಥೆಯನ್ನು ಒಂದು ನಿಲುಗಡೆಗೆ ತಂದು, ಅದೇ ಜಗತ್ತಿನಲ್ಲಿ ಮೊದಲ ಲೆವೆಲ್‌ನ ಹೊಸ ಪಾತ್ರಗಳನ್ನು ಮಾಡಿಕೊಂಡು, ಹಳೆಯ ಪಾತ್ರಗಳನ್ನು ಗೇಮ್ ಮಾಸ್ಟರ್‌ನ ವಶಕ್ಕೆ ಒಪ್ಪಿಸಿಬಿಡಿ. ಅವು ಆ ಊರಿನ ಠಾಣೇದಾರನಾಗಿಯೋ ಸಾಲ ಕೊಟ್ಟ ಸಾಹುಕಾರನಾಗಿಯೋ ಹೊಸ ಪಾತ್ರಗಳಿಗೆ ಎದುರಾಗುತ್ತವೆ.